ಹನ್ನೊಂದನೇ ಲೋಡು

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಗುಂಡಿಯ ಅಂಚಿಗೆ ಒರಗಿಸಿದ ಏಣಿಯಲ್ಲಿ ಮೇಸ್ತ್ರಿ ಒಂದೊಂದೇ ಮೆಟ್ಟಿಲು ತಡಕುತ್ತಾ ಇಳಿಯುತ್ತಾರೆ. ಎಡಗೈಯಲ್ಲಿ ತಳ ಕತ್ತರಿಸಿದ ಹಳೆಯ ಬಣ್ಣದ ಡಬ್ಬಿ. ಕೆಳಗೆ ತಲುಪಿದವರೇ ಚಪ್ಪಲಿ ಕಳಚಿ, ಒದ್ದೆ ಜೇಡಿಮಣ್ಣಿನಲ್ಲಿ ಬಲಗಾಲ ಹಿಮ್ಮಡಿ ಊರಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಕಾಲೆತ್ತಿ ಬಗ್ಗಿ ನೋಡುತ್ತಾರೆ. ಹಿಮ್ಮಡಿಯ ಗುರುತಿನೊಳಗೆ ಸದ್ದಿಲ್ಲದೆ ನೀರು ತುಂಬಿಕೊಳ್ಳುತ್ತದೆ. ಅವರ ಮುಖ ಚಿಕ್ಕದಾಗುತ್ತದೆ.

"ಬಿಸಿಲು ಬಂದ್ರೆ ಮೇಲ್ಮಣ್ಣು ಒಣಗಿ ಗಟ್ಟಿ ಅನ್ಸುತ್ತೆ. ಅದು ಸುಳ್ಳು ಹೇಳೋಕೆ ಶುರು ಮಾಡೋ ಮುಂಚೆ ಬಂದು ಕೇಳ್ಬೇಕು," ಎನ್ನುತ್ತಾ ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ಹಿಮ್ಮಡಿ ಊರುತ್ತಾರೆ.

ಸೈಟಿನಲ್ಲಿ ಎಲ್ಲರೂ ಅವರನ್ನು ಡಬ್ಬಿ ಮೇಸ್ತ್ರಿ ಎಂದೇ ಕರೆಯುವುದು. ಈಜುಕೊಳದ ಕಾಂಕ್ರೀಟಿನ ಕೆಳಗೆ ಎಷ್ಟು ಜಲ್ಲಿ ಹಿಡಿಯುತ್ತದೆ ಎಂದು ಅಂದಾಜು ಹೇಳುವುದು ಮೂವತ್ತನಾಲ್ಕು ವರ್ಷಗಳಿಂದ ಅವರ ಕೆಲಸ. ವಯಸ್ಸು ಅರವತ್ತೆರಡು. ಅವರ ಅಂದಾಜಿನ ಮೇಲೆ ನಿಂತ ಕೊಳಗಳು ನೂರಕ್ಕೂ ಹೆಚ್ಚು. ಒಂದರಲ್ಲೂ ಅವರು ಈಜಿಲ್ಲ.

ಈ ಗುಂಡಿ ಎಂಬತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ. ಅದರ ಮೇಲೆ ಎಂಟು ಅಂಗುಲ ಜಲ್ಲಿ ಎಂದರೆ ಸಾವಿರದ ಆರುನೂರು ಘನ ಅಡಿ. ಒಂದು ಟಿಪ್ಪರಿಗೆ ಇನ್ನೂರು. ಎಂಟು ಲೋಡು ಸಾಕು, ಇರಲಿ ಎಂದು ಇನ್ನೊಂದು ಸೇರಿಸಿ ಒಂಬತ್ತು ಎಂದಿದೆ ಇಂಜಿನಿಯರರ ಕಾಗದ. ಮೇಸ್ತ್ರಿ ಕಾಗದಕ್ಕೆ ಎದುರು ಮಾತಾಡುವುದಿಲ್ಲ, ಡಬ್ಬಿ ತೆಗೆಯುತ್ತಾರೆ. ಅದರ ಒಳಮೈಯಲ್ಲಿ ಬೆರಳಗಲಕ್ಕೊಂದರಂತೆ ಹತ್ತು ಗೆರೆಗಳಿವೆ. ಹಲಗೆಯ ಮೇಲೆ ಡಬ್ಬಿ ಇಟ್ಟು, ಕ್ವಾರಿಯಿಂದ ತಂದ ಜಲ್ಲಿಯನ್ನು ಬಾಯಿಮಟ್ಟ ತುಂಬಿ, ಕಬ್ಬಿಣದ ಕೋಲಿನಿಂದ ನಲವತ್ತು ಏಟು ಗುದ್ದುತ್ತಾರೆ. ಜಲ್ಲಿ ಎರಡು ಗೆರೆ ಇಳಿಯುತ್ತದೆ.

"ಸುರಿದ ಜಲ್ಲಿ ಬೇರೆ, ಕೂತ ಜಲ್ಲಿ ಬೇರೆ. ಎಂಟು ಬೆರಳು ಕೂರೋಕೆ ಹತ್ತು ಬೆರಳು ಸುರೀಬೇಕು. ಅಲ್ಲಿಗೆ ಹತ್ತು ಲೋಡಾಯ್ತು." ಆಮೇಲೆ ಅದೇ ಡಬ್ಬಿಯನ್ನು ಆಳದ ತುದಿಯ ಕೆಸರಿನ ಮೇಲಿಟ್ಟು ಇನ್ನೊಮ್ಮೆ ಗುದ್ದುತ್ತಾರೆ. ತಳವಿಲ್ಲದ ಡಬ್ಬಿಯಿಂದ ಜಲ್ಲಿ ಮಣ್ಣಿನೊಳಗೆ ಜಾರುತ್ತದೆ. "ಹನ್ನೊಂದನೇದು ಈ ಕೆಸರಿನ ಪಾಲು."

ಮೇಲೆ ನಿಂತ ಸೂಪರ್‌ವೈಸರ್ ನಗುತ್ತಾನೆ. "ನಿಮ್ಮ ಡಬ್ಬಿಗೆ ಹಸಿವು ಜಾಸ್ತಿ, ಮೇಸ್ತ್ರಿ."

"ಡಬ್ಬಿಗಲ್ಲ ಸಾರ್, ನೆಲಕ್ಕೆ."

ಈ ನೆಲದ ಹಸಿವು ಅವರಿಗೆ ಹೊಸದಲ್ಲ. ಒಂಬತ್ತು ವರ್ಷಗಳ ಹಿಂದೆ ಇದೇ ಜಾಗದಲ್ಲಿ, ಊರಿಗೆಲ್ಲ ಸೇರಿದ ಒಂದೇ ಒಂದು ಕೊಳಕ್ಕೆ ಅಂದಾಜು ಹೇಳಿದವರು ಅವರೇ. ಬೇಸಿಗೆಯಲ್ಲಿ ಅಳತೆ ಮಾಡಿದ್ದರು. ಗುಂಡಿ ಒಣಗಿ ಬಂಡೆಯಂತಿತ್ತು. ಜಲ್ಲಿ ಬರುವ ಹೊತ್ತಿಗೆ ನಾಲ್ಕು ಮಳೆ ಬಿದ್ದಿತ್ತು. ಇಳಿದು ಇನ್ನೊಮ್ಮೆ ಹಿಮ್ಮಡಿ ಊರಿದ್ದರೆ ತಿಳಿಯುತ್ತಿತ್ತು. ಊರಲಿಲ್ಲ. ಅಂದು ಹೇಳಿದ ಹತ್ತು ಲೋಡು ಸಾಲದೆ ಹೋದಾಗ, ಆಗಿನ ಸೂಪರ್‌ವೈಸರ್ ಆಳದ ತುದಿಗೆ ಅಗೆದ ಮಣ್ಣನ್ನೇ ಹರಡಿಸಿ ಮೇಲೆ ಕಾಂಕ್ರೀಟು ಸುರಿಸಿದ.

"ನಾನು ನೋಡ್ತಾ ನಿಂತಿದ್ದೆ," ಎನ್ನುತ್ತಾರೆ ಮೇಸ್ತ್ರಿ. "ತಪ್ಪು ನಂದೇ ಅಲ್ವಾ, ಯಾವ ಬಾಯಲ್ಲಿ ಬೇಡ ಅನ್ನೋದು? ಸುಮ್ನಿದ್ದೆ." ಎರಡನೇ ವರ್ಷ ತಳ ಕುಸಿದು ಅಂಗೈಯಗಲದ ಬಿರುಕು ಬಿಟ್ಟಿತು. ನೀರು ಖಾಲಿ ಮಾಡಿ ಗೇಟಿಗೆ ಬೀಗ ಹಾಕಿದರು. ಯಾರೂ ಮೇಸ್ತ್ರಿಯನ್ನು ಒಂದು ಮಾತು ಕೇಳಲಿಲ್ಲ. ಅದೇ ಅವರಿಗೆ ಹೆಚ್ಚು ಕಷ್ಟವಾಗಿದೆ.

ಮತ್ತೂ ಮೂರು ವರ್ಷ ಕಳೆದ ಮೇಲೆ ಅವರ ಹೆಂಡತಿಯ ಮೊಣಕಾಲುಗಳು ಕೈಕೊಟ್ಟವು. ಮಾತ್ರೆ ಬೇಡ, ಎದೆಮಟ್ಟದ ನೀರಿನಲ್ಲಿ ದಿನಕ್ಕೆ ಅರ್ಧ ಗಂಟೆ ನಡೆಸಿ ಎಂದರು ಡಾಕ್ಟರು. ಊರಿನ ಕೊಳಕ್ಕೆ ಬೀಗ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಿಂದ ಆಕೆ ಕೆಳಗಿಳಿದು ಒಂದು ವರ್ಷವೇ ಆಗಿದೆ. ಐವತ್ತೆರಡು ಮೆಟ್ಟಿಲು, ಮೇಸ್ತ್ರಿ ಎಣಿಸಿದ್ದಾರೆ.

ಈಗ ಹಳೆಯ ಕಾಂಕ್ರೀಟು ಒಡೆದು ಕೊಳ ಮತ್ತೆ ಕಟ್ಟುತ್ತಿದ್ದಾರೆ.

ವಾರದ ನಂತರ ಜಲ್ಲಿ ಬರುತ್ತದೆ. ಒಂಬತ್ತು ಲೋಡು. ಹರಡಿ, ರೋಲರ್ ಓಡಿಸಿ, ಗೂಟದಿಂದ ಗೂಟಕ್ಕೆ ನೂಲು ಕಟ್ಟಿ ನೋಡಿದರೆ ಆಳದ ತುದಿಯ ಇಪ್ಪತ್ತು ಅಡಿಯಲ್ಲಿ ಜಲ್ಲಿ ನೂಲಿಗಿಂತ ಆರು ಅಂಗುಲ ಕೆಳಗಿದೆ. ಮಾರನೇ ಬೆಳಿಗ್ಗೆಗೆ ಕಾಂಕ್ರೀಟು ಹೇಳಿಟ್ಟಾಗಿದೆ.

"ಪಕ್ಕದಲ್ಲಿ ಅಷ್ಟೊಂದು ಮಣ್ಣು ಬಿದ್ದಿದೆಯಲ್ಲ," ಎನ್ನುತ್ತಾನೆ ಸೂಪರ್‌ವೈಸರ್. "ಅದನ್ನೇ ಎಳೆದು ಮಟ್ಟ ಮಾಡ್ಸಿ. ಮೇಲೆ ನೀರು ನಿಂತ್ಮೇಲೆ ಯಾರಿಗೆ ಕಾಣುತ್ತೆ?"

ಮೇಸ್ತ್ರಿ ಡಬ್ಬಿ ಕೈಗೆತ್ತಿಕೊಳ್ಳುತ್ತಾರೆ. ಏಣಿಯಲ್ಲಿ ಇಳಿದು, ಆ ತಗ್ಗಿನ ನಡುವೆ ಅದನ್ನು ಅಡ್ಡ ಮಲಗಿಸಿ, ಅದರ ಮೇಲೆ ಕೂರುತ್ತಾರೆ. ಮಣ್ಣು ತುಂಬಿಸಿಕೊಂಡು ನಿಂತ ಜೆಸಿಬಿಯ ಚಾಲಕ ಒಮ್ಮೆ ಹಾರ್ನ್ ಹೊಡೆದು ಎಂಜಿನ್ ಆರಿಸುತ್ತಾನೆ.

"ಏಳಿ ಮೇಸ್ತ್ರಿ, ಆಟ ಆಡ್ಬೇಡಿ."

"ಇನ್ನೆರಡು ಲೋಡು ಬರ್ಲಿ, ಏಳ್ತೀನಿ."

"ಬರ್ದಿದ್ರೆ?"

"ನನ್ನ ಮೇಲೇ ಸುರೀರಿ. ನಾಲ್ಕು ಬುಟ್ಟಿ ಮಣ್ಣು ನಿಮಗೂ ಉಳಿಯುತ್ತೆ."

ಕೆಲಸದವರು ನಗುತ್ತಾರೆ. ಸೂಪರ್‌ವೈಸರ್ ನಗುವುದಿಲ್ಲ. ಫೋನ್ ಹಿಡಿದು ಅತ್ತಿತ್ತ ಓಡಾಡುತ್ತಾನೆ. ಹೊತ್ತು ನೆತ್ತಿಗೇರುತ್ತದೆ. ಕಲ್ಲಿನ ಕಾವಿಗೆ ಮೇಸ್ತ್ರಿ ಎರಡೂ ಪಾದಗಳನ್ನು ಒಂದಾದ ಮೇಲೊಂದು ಎತ್ತಿಡುತ್ತಾರೆ, ಏಳುವುದಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಹತ್ತನೇ ಟಿಪ್ಪರ್ ಬರುತ್ತದೆ, ಐದಕ್ಕೆ ಹನ್ನೊಂದನೆಯದು. ರೋಲರ್ ನಿಂತಾಗ ಜಲ್ಲಿ ನೂಲಿಗೆ ತಾಗುವಂತಿದೆ. ಮೇಸ್ತ್ರಿ ಮಂಡಿಯೂರಿ, ನೂಲಿನ ಕೆಳಗೆ ಬೆರಳು ಆಡಿಸುತ್ತಾ ಮೂವತ್ತು ಅಡಿ ಅಗಲವನ್ನೂ ಅಳೆಯುತ್ತಾರೆ. ಬೆರಳು ಎಲ್ಲೂ ಸಲೀಸಾಗಿ ನುಗ್ಗುವುದಿಲ್ಲ.

"ನಾಳೆಯಿಂದ ಬರೋದು ಬೇಡ," ಎನ್ನುತ್ತಾನೆ ಸೂಪರ್‌ವೈಸರ್. ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚು. "ಮುಂದಿನ ಸೈಟಿಗೂ ಬೇರೆಯವರನ್ನ ನೋಡ್ಕೊಂಡಿದ್ದೀವಿ."

"ಆಯ್ತು ಸಾರ್," ಎಂದು ಮೇಸ್ತ್ರಿ ಡಬ್ಬಿಗೆ ಅಂಟಿದ ಕೆಸರು ಕೆರೆಯುತ್ತಾರೆ.

ಐವತ್ತೆರಡು ಮೆಟ್ಟಿಲು ಹತ್ತಿ ಬಂದಾಗ ಹೆಂಡತಿ ಮಂಚದಂಚಿಗೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾರೆ. ಕೆಲಸ ಮುಗಿದಾಗಷ್ಟೇ ಮನೆಗೆ ಬರುವ ಡಬ್ಬಿ ಬಾಗಿಲ ಹಿಂದೆ ಹೋಗಿದ್ದನ್ನು ನೋಡಿದವರೇ, "ಕಳಿಸಿದ್ರಾ?" ಎಂದು ಕೇಳುತ್ತಾರೆ. ಮೇಸ್ತ್ರಿ ತಲೆಯಾಡಿಸುತ್ತಾರೆ.

"ಎಷ್ಟು ಲೋಡು ಬಿತ್ತು?"

"ಹನ್ನೊಂದು. ಪೂರ್ತಿ ಕಲ್ಲು. ಇನ್ನು ಆರು ತಿಂಗಳಿಗೆ ನೀರು ಬಿಡ್ತಾರಂತೆ. ಹೆಗಲು ಕೊಟ್ಟು ಇಳಿಸ್ತೀನಿ ನಿನ್ನ. ಒಂದೇ ಒಂದು ದಿನ ಆದ್ರೂ ನೀನು ಅದ್ರಲ್ಲಿ ನಡೀಬೇಕು. ಅಷ್ಟಾದ್ರೆ ಸಾಕು ನಂಗೆ."

"ನಿಮ್ಮ ಹೆಗಲೇ ಬಿದ್ದುಹೋಗೋ ಹಂಗಿದೆ," ಎಂದು ಆಕೆ ಎಣ್ಣೆಯ ಕೈ ಒರೆಸಿಕೊಳ್ಳುತ್ತಾರೆ. "ಅಲ್ಲಾ, ಕೆಲಸ ಕಳ್ಕೊಂಡು ತುಂಬಿಸಿದ ಕಲ್ಲು. ಕಾಂಕ್ರೀಟು ಬಿದ್ಮೇಲೆ ಯಾರ ಕಣ್ಣಿಗೂ ಕಾಣಲ್ವಲ್ಲ."

"ಕಾಣಬಾರ್ದು. ಕಂಡ್ರೆ ನಾನು ಮತ್ತೆ ತಪ್ಪಿದ್ದೀನಿ ಅಂತ." ಮೇಸ್ತ್ರಿ ಆಕೆಯ ಕಾಲುಗಳನ್ನು ನಿಧಾನಕ್ಕೆ ಎತ್ತಿ ಮಂಚದ ಮೇಲಿಡುತ್ತಾರೆ. "ನಿನ್ನ ಪಾದಕ್ಕೆ ಗೊತ್ತಾಗುತ್ತೆ, ಬಿಡು."