ಹಿಂಟರ್‌ಮಾಟ್ ಎಂಬ ಊರೂ, ಊರಿಲ್ಲದ ನಾನೂ

ಕನ್ನಡಿಗರು ಸೇರಿದ ಕಡೆಯೆಲ್ಲ ನನಗೆ ಒಂದು ಪ್ರಶ್ನೆಯ ಭಯ. ಸಂಬಳ ಕೇಳಿದರೆ ಹಾರಿಕೆಯ ಉತ್ತರ ಕೊಡಬಹುದು, ವಯಸ್ಸು ಕೇಳಿದರೆ ನಕ್ಕು ಸುಮ್ಮನಾಗಬಹುದು. ಆದರೆ ಯುಗಾದಿ ಊಟದಲ್ಲಿ ಪಕ್ಕ ಕೂತವರು "ನಿಮ್ದು ಯಾವ ಊರು?" ಎಂದುಬಿಟ್ಟರೆ ಹೋಳಿಗೆ ಗಂಟಲಲ್ಲೇ ನಿಂತುಬಿಡುತ್ತದೆ. ಯಾಕೆಂದರೆ ನನಗೆ ಊರಿಲ್ಲ.

ನಗಬೇಡಿ. ಅಪ್ಪ ಸರ್ಕಾರಿ ಪಶುವೈದ್ಯರಾಗಿದ್ದರು. ದನಗಳು ಇದ್ದಲ್ಲೇ ಇರುತ್ತಿದ್ದವು, ವರ್ಗವಾಗುತ್ತಿದ್ದುದು ನಾವು. ನಾನು ಹುಟ್ಟಿದ್ದು ಹಿರಿಯೂರಿನಲ್ಲಿ, ಅಕ್ಷರ ಕಲಿತದ್ದು ಕೊಳ್ಳೇಗಾಲದಲ್ಲಿ, ಮುಂದಿನ ಹಲ್ಲು ಬಿದ್ದದ್ದು ಸವದತ್ತಿಯಲ್ಲಿ. ಅದು ಮತ್ತೆ ಹುಟ್ಟುವ ಹೊತ್ತಿಗೆ ಮಾಗಡಿಯಲ್ಲಿದ್ದೆವು. ಅಜ್ಜ ಎಂದೋ ಹೊಲ ಮನೆ ಮಾರಿ ಹೊರಟುಬಂದ ಹಳ್ಳಿಯ ಹೆಸರನ್ನು ಅಪ್ಪ ಒಂದೊಂದು ಸಲ ಒಂದೊಂದು ಹೇಳುತ್ತಿದ್ದರು. ಮದುವೆಯಾದ ಮೇಲೆ ಗಂಡನ ಊರೇ ನಿನ್ನೂರು ಎಂದು ಹಿರಿಯರು ಹೇಳಿದ್ದರಲ್ಲ, ಆಸೆಯಿಂದ ಕಾದೆ. ಸಿಕ್ಕ ಗಂಡನ ಅಪ್ಪ ಬ್ಯಾಂಕ್ ಮ್ಯಾನೇಜರು! ಅವರು ತಿರುಗಿದ ಊರುಗಳು ನಮಗಿಂತಲೂ ಹೆಚ್ಚು. ಹೀಗೆ ಊರಿಲ್ಲದ ಇಬ್ಬರು ಒಂದು ಸಂಸಾರ ಹೂಡಿ ಸಿಂಗಪುರಕ್ಕೆ ಬಂದೆವು.

ಒಮ್ಮೆ ಈ ಪ್ರಶ್ನೆಯನ್ನು ಜಾಣತನದಿಂದ ದಾಟಲು ಹೋದೆ. ಕೇಳಿದವರು ಗದಗಿನ ಶಾಂತಾ ಆಂಟಿ. ಅವರಿಗೆ ಹತ್ತಿರದ್ದೇ ಇರಲಿ ಎಂದು ಸವದತ್ತಿ ಎಂದೆ. ಆಂಟಿಯ ಮುಖ ಅರಳಿತು. ಸಭೆಗೆಂದು ತೊಟ್ಟಿದ್ದ ಬೆಂಗಳೂರು ಕನ್ನಡ ಅಲ್ಲೇ ಕಳಚಿ ಬಿತ್ತು.

"ಅಯ್ಯ, ಸವದತ್ತಿ ಅಂತೀರಿ! ನಮ್ಮಕ್ಕನ್ನ ಅಲ್ಲೇ ಕೊಟ್ಟೇವ್ರೀ. ಯಾವ ಓಣಿ? ಯಾರ ಪೈಕಿ?"

"ಅದು... ದನದ ಆಸ್ಪತ್ರೆ ಹತ್ರ ಆಂಟಿ."

"ದನದ ದವಾಖಾನ್ಯಾಗ ದನ ಬಿಟ್ಟು ಯಾರಿರ್ತಾರ್ರೀ?"

ಇಡೀ ಪಂಕ್ತಿ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಬರುವ ಎಂಆರ್‌ಟಿ ರೈಲಿನಲ್ಲಿ ಒಂದು ವಿಷಯ ಹೊಳೆಯಿತು. ಊರು ಕೇಳುವುದರ ಸುಖವೆಲ್ಲ ಇರುವುದು ಎರಡನೆಯ ಪ್ರಶ್ನೆಯಲ್ಲಿ. ಯಾವ ಓಣಿ, ಯಾರ ಮನೆ ಪಕ್ಕ, ಆ ಗಿರಣಿ ಇನ್ನೂ ಇದೆಯಾ ಎಂದು ಕೇಳಿಸಿಕೊಳ್ಳುವುದಕ್ಕೇ ಊರು ಬೇಕು. ನನ್ನನ್ನು ಆ ಎರಡನೆಯ ಪ್ರಶ್ನೆ ಕೇಳಿ ಉತ್ತರ ಪಡೆದವರು ಈವರೆಗೆ ಯಾರೂ ಇಲ್ಲ.

ಈ ಹೊಟ್ಟೆಯುರಿಗೆ ತುಪ್ಪ ಸುರಿದವನು ಮಾರ್ಕುಸ್. ಚಾಂಗಿ ಬಿಸಿನೆಸ್ ಪಾರ್ಕಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಸ್ವಿಸ್ ಹುಡುಗ; ಹುಡುಗ ಎಂದರೆ ನಲವತ್ತು ದಾಟಿದವನೇ. ಅವರ ದೇಶದ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಜಾಗ ಬರೆಯುವುದಿಲ್ಲವಂತೆ, ಮೂಲದ ಊರನ್ನು ಬರೆಯುತ್ತಾರಂತೆ. ಅಜ್ಜನ ಅಜ್ಜ ಯಾವ ಹಳ್ಳಿಯವನೋ ಮೊಮ್ಮಗನ ಮೊಮ್ಮಗನೂ ಅದೇ ಹಳ್ಳಿಯವನು, ನೋಡಿರಲಿ ಬಿಡಲಿ. ಹಿಂದಿನ ಕಾಲದಲ್ಲಿ ಮನುಷ್ಯ ಎಲ್ಲೇ ಹೋಗಿ ಕೈಸೋತರೂ ಅವನ ಹೊಟ್ಟೆ ನೋಡಿಕೊಳ್ಳುವುದು ಆ ಹಳ್ಳಿಯ ಹೊಣೆಯಾಗಿತ್ತಂತೆ. ಮಾರ್ಕುಸನ ಊರು ಬರ್ನ್ ಕಡೆಯ ಬೆಟ್ಟದ ತಪ್ಪಲಿನ ಹಿಂಟರ್‌ಮಾಟ್. ಅವನು ಅಲ್ಲಿಗೆ ಹೋಗಿಯೇ ಇರಲಿಲ್ಲ. ಹೋಗಿ ಏನು ನೋಡುವುದು, ಹಸು ತಾನೇ ಎಂದ. ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು.

ಅವನು ನೋಡದಿದ್ದರೇನು, ನಾನು ನೋಡತೊಡಗಿದೆ. ಆ ಹಳ್ಳಿಗೊಂದು ವೆಬ್‌ಸೈಟಿದೆ, ಅದರಲ್ಲಿ ನಕ್ಷೆಯ ಸಮೇತ ಊರಿನ ಪರಿಚಯದ ಪುಟ, ಇಂಗ್ಲಿಷಿನಲ್ಲೂ. ಮಧ್ಯಾಹ್ನದ ಡಬ್ಬಿಯ ಮೊಸರನ್ನದ ಜೊತೆಗೆ ಅದನ್ನು ಓದುವುದು ರೂಢಿಯಾಯಿತು. ಜನಕ್ಕಿಂತ ಹಸುಗಳೇ ಹೆಚ್ಚು. ಒಂದು ಚರ್ಚು, ಒಂದು ಊಟದ ಮನೆ, ನಾಲೆಯಂತೆ ಉದ್ದಕ್ಕೆ ಕೊರೆದ ಮರದ ತೊಟ್ಟಿಗೆ ಸದಾ ನೀರು ಸುರಿಯುವ ಕಾರಂಜಿ. ಮಕ್ಕಳಿಲ್ಲದೆ ಮುಚ್ಚಿದ ಶಾಲೆ. ಬೆಂಕಿ ಬಿದ್ದರೆ ಆರಿಸುವವರು ಊರಿನವರೇ. ಅಧ್ಯಕ್ಷ ಹಾಲು ಕರೆಯುವ ರೈತ. ಆ ತೊಟ್ಟಿ ರಿಪೇರಿ ಮಾಡಿಸಬೇಕೋ ಬೇಡವೋ ಎಂದು ಊರೆಲ್ಲ ಸಭೆ ಸೇರಿ ಕೈಯೆತ್ತಿ ತೀರ್ಮಾನಿಸಿದರಂತೆ. ಓದುತ್ತಾ ನನ್ನ ಕೈಯೂ ಎದ್ದಿತು, ಚಮಚದ ಸಮೇತ. ಅಪ್ಪನಿಗೆ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸಿದರೆ ಅವರು ಕೇಳಿದ್ದು ಒಂದೇ: "ಹಸು ಯಾವ ತಳಿಯಮ್ಮ?"

ಕೊನೆಗೆ ನನ್ನ ಕಾಟ ತಡೆಯಲಾರದೆ ಮಾರ್ಕುಸ್ ಕಳೆದ ರಜೆಯಲ್ಲಿ ಹಿಂಟರ್‌ಮಾಟಿಗೆ ಹೋದ. ಅಲ್ಲಿಂದಲೇ ವೀಡಿಯೊ ಕಾಲ್ ಮಾಡಿದ. ಅವನಿಗೆ ಬೆಳಗು, ನಮಗೆ ಸಂಜೆ. ನಾನು ಸಿಂಗಪುರದ ನಮ್ಮ ಬಡಾವಣೆ ಬೆಡೋಕಿನಲ್ಲಿ, ಕೆರೆ ಬದಿಯ ನಮ್ಮ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಹತ್ತು ವರ್ಷದ ಮಗಳು ಇಂಚರ ಪಕ್ಕದಲ್ಲೇ ಬ್ಯಾಡ್ಮಿಂಟನ್ ಆಡುತ್ತಿದ್ದಳು. ಬಸ್ಸಿಳಿದ ಮಾರ್ಕುಸ್ ಯಾವ ಕಡೆ ಹೋಗಲಿ ಎಂದು ಪೆಚ್ಚಾಗಿ ನಿಂತಿದ್ದ. "ಚರ್ಚ್ ದಾಟಿ ಎಡಕ್ಕೆ ತಿರುಗು, ಊಟದ ಮನೆ ಸಿಗುತ್ತೆ, ಅದರ ಮುಂದೆ ಕಾರಂಜಿ," ಎಂದೆ. ಸಿಕ್ಕಿತು! ಊರಿದ್ದವನಿಗೆ ಅವನದೇ ಊರಿನ ದಾರಿ ತೋರಿಸಿದವಳು ಊರಿಲ್ಲದ ನಾನು.

ಕಾರಂಜಿಯಲ್ಲಿ ಅಜ್ಜಿಯೊಬ್ಬರು ಕ್ಯಾನಿಗೆ ನೀರು ಹಿಡಿಯುತ್ತಿದ್ದರು. ಮಾರ್ಕುಸನ ಮನೆತನದ ಹೆಸರು ಕೇಳಿದವರೇ ಕ್ಯಾನು ಕೆಳಗಿಟ್ಟು ಅವನ ಕೈ ಹಿಡಿದುಕೊಂಡರು. ಮೇಲಿನ ದಿಣ್ಣೆಯ ಕಡೆ ಬೆರಳು ತೋರಿಸಿ, ನಿಮ್ಮವರ ಮನೆ ಅಗೋ ಅದು ಎಂದರಂತೆ. ಬೆಳಿಗ್ಗೆ ಪೇಟೆಗೆ ಹೋಗಿದ್ದವನು ಮಧ್ಯಾಹ್ನ ಮರಳಿ ಬಂದ ಹಾಗೆ ಮಾತಾಡಿಸಿದರು. ಹಸು ತಾನೇ ಎಂದಿದ್ದ ಮಾರ್ಕುಸನ ಕಣ್ಣು ಕೆಂಪಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಎಲ್ಲೋ ಒಂದು ಕಡೆ ಹೀಗೆ ನನ್ನ ಕೈ ಹಿಡಿಯುವ ಒಬ್ಬ ಮುದುಕಿ ಇರಬಾರದಿತ್ತೇ?

ಅಷ್ಟರಲ್ಲಿ ಅಜ್ಜಿ ಫೋನಿನೊಳಗೆ ಇಣುಕಿ ಏನೋ ಕೇಳಿದರು. ಮಾರ್ಕುಸ್ ಇಂಗ್ಲಿಷಿಗೆ ತಿರುಗಿಸಿದ: ಇವಳು ಯಾವ ಊರಿನವಳು?

ಶಿವನೇ! ಆಲ್ಪ್ಸ್ ಬೆಟ್ಟದ ಬುಡದಲ್ಲೂ ಇದೇ ಪ್ರಶ್ನೆಯೇ! ಹಿರಿಯೂರು ಎನ್ನಲೇ, ಮಾಗಡಿ ಎನ್ನಲೇ, ಬೆಂಗಳೂರು ಎಂದು ಕೈತೊಳೆದುಕೊಳ್ಳಲೇ ಎಂದು ನಾನು ತಡವರಿಸುತ್ತಿರುವಾಗ ಇಂಚರ ಬೆವರಿದ ಮುಖವನ್ನು ಫೋನಿಗೆ ತೂರಿಸಿ ಸಿಂಗಪುರದವರ ಧಾಟಿಯಲ್ಲೇ ಕೂಗಿದಳು: "ಬೆಡೋಕ್ ಲಾ!"

ಆಮೇಲೆ ನನ್ನ ಕಡೆ ತಿರುಗಿದಳು. "ಏನಮ್ಮಾ, ನಮ್ ಊರು ಹೇಳೋಕೆ ಅಷ್ಟು ಥಿಂಕ್ ಮಾಡ್ತೀಯ?"

ನಮ್ ಊರು! ಅವಳಿಗೆ ಎರಡನೆಯ ಯೋಚನೆಯೇ ಇರಲಿಲ್ಲ. ಅವಳ ಹಲ್ಲು ಬಿದ್ದದ್ದೂ ಇಲ್ಲೇ, ಹುಟ್ಟಿದ್ದೂ ಇಲ್ಲೇ. ನಮಗೆ ಇಲ್ಲೇ ನೆಲೆಸಲು ಪಿಆರ್ ಪರವಾನಗಿ ಕೊಟ್ಟದ್ದು ಸರ್ಕಾರ. ಊರನ್ನು ಕೊಡುವ ಕಚೇರಿ ಬೇರೆಯೇ ಇದೆ, ಅಲ್ಲಿ ಬ್ಯಾಡ್ಮಿಂಟನ್ ಆಡುವವರು ಕೂತಿರುತ್ತಾರೆ ಎಂದು ಅಂದು ತಿಳಿಯಿತು. ಹಿಂಟರ್‌ಮಾಟಿನವರಿಗೆ ಊರು ಅಜ್ಜನಿಂದ ಮೊಮ್ಮಗನಿಗೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಅದು ಮಗಳಿಂದ ಅಮ್ಮನಿಗೆ ಹತ್ತಿತು. ಹತ್ತಿದ್ದು ಪೂರ್ತಿ ಮೈಗೆ ಹಿಡಿಯಿತೇ ಎಂದರೆ, ಇನ್ನೂ ಹೇಳಲಾರೆ. ಹಳೆಯ ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹಿಂಟರ್‌ಮಾಟಿನ ಪುಟವನ್ನು ಈಗಲೂ ಮೊಸರನ್ನದ ಜೊತೆ ತೆರೆಯುತ್ತೇನೆ.

ಮೊನ್ನೆ ದೀಪಾವಳಿಯ ಊಟದಲ್ಲಿ ಶಾಂತಾ ಆಂಟಿ ಮತ್ತೆ ಸಿಕ್ಕರು. "ಏನ್ರೀ ಸವದತ್ತಿಯವ್ರೇ, ಆರಾಮಾ?" ಎಂದು ಕಣ್ಣು ಮಿಟುಕಿಸಿದರು.

"ಸವದತ್ತಿ ಅಲ್ಲ ಆಂಟಿ," ಎಂದೆ. "ನಮ್ಮೂರು ಬೆಡೋಕ್."

ನಗುತ್ತಾರೆ ಎಂದುಕೊಂಡೆ. ಆಂಟಿ ತಟ್ಟೆಯನ್ನು ಪಕ್ಕಕ್ಕಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು. ಬೆಂಗಳೂರು ಕನ್ನಡ ಮತ್ತೆ ಕಳಚಿ ಬಿತ್ತು.

"ಅಯ್ಯ, ಬೆಡೋಕ್ ಅಂತೀರಿ! ನಮ್ಮ ಮಗ ಅಲ್ಲೇ ಮನಿ ಮಾಡ್ಯಾನ್ರೀ. ನೀವು ಯಾವ ಕಡಿ? ಮಾರ್ಕೆಟ್ ಕಡೆನೋ, ಕೆರಿ ಕಡೆನೋ?"

ಹೋಳಿಗೆ ನುಂಗಿ, ಗಂಟಲು ಸರಿಮಾಡಿಕೊಂಡು ಹೇಳಿದೆ: "ಕೆರೆ ಕಡೆ, ಆಂಟಿ."