ಜೌಗಿನಡಿಯ ಹಾಸುಗಲ್ಲು

ಉಣ್ಣೆ ಗಿರಣಿಯಲ್ಲಿ ಮೂವತ್ತು ವರ್ಷ ನೂಲು ಸುತ್ತಿದ ಹೆಟ್ಟಿ ಸಟ್‌ಕ್ಲಿಫ್‌ಗೆ ಇಂಗ್ಲೆಂಡಿನ ಯಾರ್ಕ್‌ಷೈರಿನ ತನ್ನೂರ ಜೌಗುಗುಡ್ಡದ ಹುಚ್ಚು. ಭಾನುವಾರ ಬಂತೆಂದರೆ ಊರವರನ್ನು ಎಳೆದೊಯ್ದು ಹಕ್ಕಿ, ಪಾಚಿ, ಹಳೇ ಗಡಿಕಲ್ಲು ತೋರಿಸುತ್ತಿದ್ದಳು. ಗುಡ್ಡದ ಒಡೆಯ ಮಾತ್ರ ಅಲ್ಲಿ ಹಿಂದೆಂದೂ ಜನ ನಡೆವ ದಾರಿಯೇ ಇರಲಿಲ್ಲವೆಂದು ಬೇಲಿ ಹಾಕಿಸಿದ. ಮುಂದಿನ ವಾರದ ಸರ್ಕಾರಿ ವಿಚಾರಣೆಯಲ್ಲಿ ಹಳೇ ದಾರಿ ಇತ್ತೆಂದು ತೋರಿಸದಿದ್ದರೆ ಇನ್ನು ಯಾರೂ ಗುಡ್ಡ ಹತ್ತುವಂತಿರಲಿಲ್ಲ.

ಹೆಟ್ಟಿ ಕಬ್ಬಿಣದ ಸಲಾಕೆ ಹಿಡಿದು ಹೆಜ್ಜೆಗೊಮ್ಮೆ ಜೌಗುನೆಲ ಚುಚ್ಚಿದಳು. ಹಳೇ ದಾರಿಯ ಹಾಸುಗಲ್ಲನ್ನು ಒಣನೆಲದಲ್ಲಿ ಎರಡು ವಾರ ಹುಡುಕಿದ್ದೇ ತಪ್ಪಾಗಿತ್ತು. ಹಳಬರು ಕಲ್ಲು ಹಾಸಿದ್ದು ಕಾಲು ಹೂತುಹೋಗುವ ಕಡೆ.

ಒಡೆಯನ ಕಾವಲುಗಾರ ವಿಲ್ಫ್ ಹಲ್ಲು ಕಿರಿದ. "ಏನವ್ವಾ, ಗುಡ್ಡಕ್ಕೆ ಇಂಜೆಕ್ಷನ್ ಕೊಡ್ತಿದ್ದೀಯಾ?"

"ನಿನ್ನ ಧಣಿಗೆ ಕೊಡ್ಬೇಕಿತ್ತು, ಕೈಗೆ ಸಿಗ್ಲಿಲ್ಲ. ಸುಮ್ನೆ ನಿಂತ್ಕೊಳ್ಳೋ!"

ಸಲಾಕೆ ಟಣ್ ಎಂದಿತು. ಮೊಣಕಾಲಾಳ ಕರಿಮಣ್ಣು ತೆಗೆದರೆ ಹಾಸುಗಲ್ಲು, ಪಕ್ಕದಲ್ಲೇ ಇನ್ನೊಂದು, ಮತ್ತೊಂದು. ಉಣ್ಣೆ ಹೊತ್ತ ಕುದುರೆಗಳ ಗೊರಸು ನೂರಾರು ವರ್ಷ ತುಳಿದು ಪ್ರತಿ ಕಲ್ಲಿನ ನಡುವೆಯೂ ಬಟ್ಟಲಿನಂಥ ಗುಳಿ ಮಾಡಿತ್ತು. ವಿಲ್ಫ್ ಟೋಪಿ ತೆಗೆದು, ಮಂಡಿಯೂರಿ, ಗುಳಿಯಲ್ಲಿ ಅಂಗೈ ಇಟ್ಟ.

"ನಮ್ಮಜ್ಜನ ಅಜ್ಜ ಇಲ್ಲೇ ಕುದುರೆ ಹೊಡೀತಿದ್ನಂತೆ. ಬರೀ ಬುರುಡೆ ಅಂದ್ಕೊಂಡಿದ್ದೆ," ಎಂದ. "ವಿಚಾರಣೆಗೆ ನಾನೂ ಬರ್ತೀನಿ. ಕಣ್ಣಾರೆ ನೋಡ್ದೆ ಅಂತ ಹೇಳ್ತೀನಿ. ಕೆಲ್ಸ ಹೋದ್ರೆ ಹೋಗ್ಲಿ."