ಲೆನ್ಸು ಬಿಚ್ಚುವ ಕ್ಯಾಮೆರಾ ಮತ್ತು ನಮ್ಮತ್ತೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಲೆನ್ಸು ಬಿಚ್ಚಿ ಬದಲಾಯಿಸುವಂಥ ಕ್ಯಾಮೆರಾವೇ ಬೇಕೆಂದು ಹಟ ಹಿಡಿದು ಖರೀದಿಸಿದ ನಾನು, ಮನೆಗೆ ತಂದ ಮೇಲೆ ಎಂಟು ದಿನ ಅದರ ಲೆನ್ಸು ಬಿಚ್ಚಲೇ ಇಲ್ಲ. ಅಂಗಡಿಯವನು ಬೀಳ್ಕೊಡುವಾಗ, "ಸಾರ್, ಬಿಚ್ಚಿದಾಗ ಒಳಗೆ ಧೂಳು ಹೋಗ್ಬಾರ್ದು, ಅಷ್ಟೇ" ಎಂದಿದ್ದ. ಅಷ್ಟೇ ಅಂತೆ! ಬಸವೇಶ್ವರನಗರದಲ್ಲಿ ನಮ್ಮ ಮನೆಯ ಎದುರಿಗೆ ಒಂದು ಮನೆ ಕೆಡವುತ್ತಿದ್ದಾರೆ, ಪಕ್ಕದಲ್ಲಿ ಇನ್ನೊಂದು ಏಳುತ್ತಿದೆ. ಬೆಳಿಗ್ಗೆ ಒರೆಸಿದ ಟೀವಿಯ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು. ಧೂಳಿಲ್ಲದ ಜಾಗವೆಂದು ಕೊನೆಗೆ ನನಗೆ ತೋಚಿದ್ದು ದೇವರಮನೆ. ಬಾಗಿಲು ಹಾಕಿಕೊಂಡು ಲೆನ್ಸು ತಿರುಗಿಸುತ್ತಿದ್ದಾಗ ಹೊರಗಿನಿಂದ ಹೆಂಡತಿ ಗಿರಿಜಾಳ ದನಿ ಕೇಳಿತು: "ಏನ್ರೀ, ಇಷ್ಟು ವರ್ಷ ಇಲ್ದಿರೋ ಭಕ್ತಿ ಈಗ ಬಂತಾ?"

ಧೂಳಿಗಿಂತ ದೊಡ್ಡ ತೊಂದರೆ ಅಂಕಿಗಳದ್ದು. ನಾನು ತೂಕ-ಅಳತೆಯ ಇಲಾಖೆಯವನು. ಕಾಲು ಕೇಜಿಗಿಂತ ಅರ್ಧ ಕೇಜಿ ದೊಡ್ಡದು ಎಂಬ ನಂಬಿಕೆಯ ಮೇಲೆ ಇಪ್ಪತ್ತಾರು ವರ್ಷ ಸಂಬಳ ತೆಗೆದುಕೊಂಡಿದ್ದೇನೆ. ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂದು ಹೇಳಲು ಈ ಕ್ಯಾಮೆರಾದಲ್ಲೊಂದು ಅಂಕಿ ಇದೆ. ಅದು ಎರಡು ಎಂದರೆ ಹೆಬ್ಬಾಗಿಲು, ಹದಿನಾರು ಎಂದರೆ ಸೂಜಿಯ ಕಣ್ಣು! ಯಾವ ದಿನಸಿ ಅಂಗಡಿಯವನಾದರೂ ಹೀಗೆ ಅಳೆದಿದ್ದರೆ ನಾನು ಅಂದೇ ಅವನ ತಕ್ಕಡಿ ಜಪ್ತಿ ಮಾಡುತ್ತಿದ್ದೆ.

ಹೀಗಾಗಿ ಮೊದಲ ತಿಂಗಳ ನನ್ನ ಸಾಧನೆ ಸಾಧಾರಣವಾಗಿತ್ತು. ಕುಂಡದ ದಾಸವಾಳ ತೆಗೆದರೆ ಹೂವು ಕೆಂಪು ಮಂಜಿನಂತೆ ಕಲಸಿಹೋಗಿ, ಹಿಂದಿನ ಗೇಟಿನ "ಇಲ್ಲಿ ಗಾಡಿ ನಿಲ್ಲಿಸಬೇಡಿ" ಎಂಬ ಫಲಕ ಅಚ್ಚುಕಟ್ಟಾಗಿ ಬಂತು. ಉಲ್ಲಾಳದ ಕೆರೆಗೆ ಹೋದೆ. ಸಣ್ಣ ಲೆನ್ಸು ತೆಗೆದು ಉದ್ದನೆಯದು ಹಾಕುವಷ್ಟರಲ್ಲಿ ಮಿಂಚುಳ್ಳಿ ಮೀನು ಹಿಡಿದು, ತಿಂದು, ಹೊರಟೇಹೋಯಿತು. ಅದು ಕೂತಿದ್ದ ಕೊಂಬೆಯ ಹನ್ನೊಂದು ಚಿತ್ರಗಳು ನನ್ನಲ್ಲಿವೆ. ಬೆಳಕಿನಿಂದ ಮೂಡುವ ಚಿತ್ರಕ್ಕೆ ನಮ್ಮವರು ಛಾಯಾಚಿತ್ರ, ಅಂದರೆ ನೆರಳಿನ ಚಿತ್ರ, ಎಂದು ಯಾಕೆ ಹೆಸರಿಟ್ಟರೋ ಎಂದು ಹಿಂದೆಲ್ಲ ಯೋಚಿಸುತ್ತಿದ್ದೆ. ನನ್ನ ಚಿತ್ರಗಳನ್ನು ನೋಡಿದ ಮೇಲೆ ಆ ಅನುಮಾನ ಪರಿಹಾರವಾಯಿತು.

ಈಗ ನಮ್ಮತ್ತೆಯ ವಿಷಯಕ್ಕೆ ಬರುತ್ತೇನೆ. ಗಂಗಮ್ಮನವರು ದಾವಣಗೆರೆಯವರು, ಅಲ್ಲಿ ನಲವತ್ತು ವರ್ಷ ಮನೆಯಲ್ಲೇ ರವಿಕೆ ಹೊಲಿದವರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಮುಖದ ಬಲಭಾಗ ಸ್ವಾಧೀನ ತಪ್ಪಿ ಬಾಯಿ ಎಡಕ್ಕೆ ಎಳೆದುಕೊಂಡಿತು. ಚಿಕಿತ್ಸೆಗೆಂದು ನಮ್ಮಲ್ಲಿಗೆ ಬಂದರು. ಮುಕ್ಕಾಲು ಪಾಲು ಸರಿಹೋಯಿತು, ಅವರೂ ನಮ್ಮೊಂದಿಗೇ ಉಳಿದರು. ಆದರೆ ಅಂದಿನಿಂದ ಯಾರು ಫೋನು ಎತ್ತಿದರೂ ಅವರ ಸೆರಗು ಬಾಯಿಗೆ ಬರುತ್ತಿತ್ತು. ಮೊಮ್ಮಗಳ ಮದುವೆಯ ಆಲ್ಬಮ್ಮಿನಲ್ಲಿ ಅವರು ಇರುವುದು ಒಂದು ಕಡೆ ಮೊಣಕೈಯಾಗಿ, ಇನ್ನೊಂದು ಕಡೆ ಸೀರೆಯ ಅಂಚಾಗಿ. ಗಿರಿಜಾ ಆ ಆಲ್ಬಮ್ಮು ತೆರೆಯುವುದನ್ನೇ ಬಿಟ್ಟಿದ್ದಳು.

ಒಂದು ಭಾನುವಾರ ತಾರಸಿಯ ಮೇಲೆ, ಬಟ್ಟೆ ಒಣಹಾಕುತ್ತಿದ್ದ ಗಿರಿಜಾಳ ಮೇಲೆ ಫೋಕಸ್ ಸಿಗದೆ ನಾನು ಒದ್ದಾಡುತ್ತಿದ್ದೆ. ಹಪ್ಪಳ ಕಾಯುತ್ತಾ ಕೂತಿದ್ದ ಅತ್ತೆ, "ಅಳಿಯಂದ್ರೇ, ಒಂಚೂರು ಇಲ್ಲಿ ಕೊಡ್ರಿ ನೋಡೋಣ" ಎಂದರು. ಲೆನ್ಸಿನ ಬಳೆ ತಿರುಗಿಸುವುದನ್ನು ತೋರಿಸಿಕೊಟ್ಟೆ.

"ಮಷೀನಿನಾಗೆ ದಾರ ಬಿಗಿ ಮಾಡೋ ತಿರುಪು ಇದ್ದಂಗೈತಿ" ಎಂದರು. ಎರಡೇ ಬೆರಳಲ್ಲಿ ತಿರುಗಿಸಿದರು, ಕೂದಲೆಳೆಯಷ್ಟು ಹಿಂದಕ್ಕೆ ತಂದರು, ಕಾದರು. ಆಮೇಲೆ "ಏ ಗಿರಿ!" ಎಂದು ಕೂಗಿದರು. ಹಲ್ಲಿನಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡೇ ಗಿರಿಜಾ ತಿರುಗಿ ನಕ್ಕಳು. ಟಿಕ್.

ಚಿತ್ರದಲ್ಲಿ ಅವಳ ರೆಪ್ಪೆಯ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಗಿರಿಜಾ ಬಹಳ ಹೊತ್ತು ಅದನ್ನೇ ನೋಡಿದಳು. "ನಾನು ಹೀಗೆ ನಗ್ತೀನೇನಮ್ಮಾ?" ಎಂದಳು. ನನಗೆ ಹೊಟ್ಟೆಕಿಚ್ಚಾಯಿತೆಂದು ಬರೆಯಲು ಸಂಕೋಚವಿಲ್ಲ, ಯಾಕೆಂದರೆ ಅದಕ್ಕಿಂತ ಹೆಚ್ಚು ಖುಷಿಯಾಗಿತ್ತು.

ಅಲ್ಲಿಂದ ಮುಂದೆ ಕ್ಯಾಮೆರಾ ಅವರ ಕೊರಳಿಗೆ, ಬ್ಯಾಗು ನನ್ನ ಹೆಗಲಿಗೆ. "ಆ ಉದ್ದಂದು ಕೊಡ್ರಿ" ಎಂದರೆ ಉದ್ದ ಲೆನ್ಸು, "ಗಿಡ್ಡಂದು ಕೊಡ್ರಿ" ಎಂದರೆ ಗಿಡ್ಡ ಲೆನ್ಸು. ನಡುರಸ್ತೆಯಲ್ಲೇ ಸೆರಗಿನ ಮರೆಯಲ್ಲಿ ಟಕ್ಕನೆ ಬದಲಾಯಿಸುತ್ತಿದ್ದರು. ನಾನು ಕ್ಯಾಮೆರಾ ಹಿಡಿದರೆ ಕಾರ್ಪೊರೇಷನ್ನಿನಿಂದ ಬಂದವನೆಂದು ಗುಮಾನಿಪಡುತ್ತಿದ್ದ ಹೂವಿನ ಆಂಟಿ, ಅತ್ತೆಯ ಮುಂದೆ ತಾನೇ ಮಲ್ಲಿಗೆ ಮಾಲೆ ಎತ್ತಿ ಹಿಡಿದಳು. ಅತ್ತೆ ಮೊದಲು ಹತ್ತು ನಿಮಿಷ ಮಾತಾಡುತ್ತಿದ್ದರು. ಚಿತ್ರ ತೆಗೆಯುವುದು ಮಾತಿನ ನಡುವೆ ಯಾವಾಗಲೋ ಆಗಿಹೋಗುತ್ತಿತ್ತು.

ಒಂದು ಶನಿವಾರ ಕಾಮಾಕ್ಷಿಪಾಳ್ಯಕ್ಕೆ ಹೋದೆವು. ಸಣ್ಣದೊಂದು ಗಾರ್ಮೆಂಟ್ಸಿನ ಮೆಟ್ಟಿಲ ಮೇಲೆ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಹೊಲಿಗೆಯವರಿಗೆ ಹೊಲಿಗೆಯವರು ಸಿಕ್ಕರೆ ಕೇಳಬೇಕೆ? ಕಾಜಾ, ಕಾಲರ್, ಬೆನ್ನುನೋವು ಎಲ್ಲ ಬಂದುಹೋಯಿತು. ಅವರಲ್ಲಿ ಶೋಭಾ ಎಂಬಾಕೆಗೆ ಮುಂದಿನ ಒಂದು ಹಲ್ಲಿರಲಿಲ್ಲ. ಅವಳು ಬಾಯಿ ತುಂಬ ನಗುವಾಗ ಅತ್ತೆ ಕ್ಲಿಕ್ಕಿಸಿದರು. ತನ್ನ ಚಿತ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ ಶೋಭಾ, "ಅಜ್ಜಿ, ಕೊಡಿ ಇಲ್ಲಿ, ನಿಮ್ದೊಂದು ತೆಗೀತೀನಿ" ಎಂದಳು.

ಸೆರಗು ಮೇಲೆ ಬಂತು. "ಬ್ಯಾಡವ್ವ. ನನ್ನ ಬಾಯಿ ಸೊಟ್ಟ ಐತಿ."

ನಾನು ಮಾತು ಬದಲಿಸಲು ಬ್ಯಾಗಿನ ಜಿಪ್ಪು ಎಳೆದೆ. ಶೋಭಾ ಬಿಡಲಿಲ್ಲ. "ಅಲ್ಲಾ ಅಜ್ಜಿ, ನನ್ನ ಬೊಚ್ಚು ಬಾಯಿ ತೆಗೆದ್ರಲ್ಲ, ಆಗ ನಾನು ಬೇಡ ಅಂದ್ನಾ? ಇದ್ಯಾವ ನ್ಯಾಯ?"

ಅತ್ತೆ ಶೋಭಾಳನ್ನು ನೋಡಿದರು. ನಲವತ್ತು ವರ್ಷ ಒಬ್ಬರ ಅಳತೆಯಲ್ಲೂ ಮೋಸ ಮಾಡದ ಹೆಂಗಸು ಅವರು. "ಹೌದವ್ವ, ನ್ಯಾಯ ಅಲ್ಲ" ಎಂದು ಸೆರಗು ಇಳಿಸಿ ಸೊಂಟಕ್ಕೆ ಸಿಕ್ಕಿಸಿದರು. ಕ್ಯಾಮೆರಾ ಕೊಡಿ ಎಂದು ನಾನು ಕೈ ಚಾಚಿದರೆ, "ನೀವು ಬ್ಯಾಡ್ರಿ, ಅಳಿಯಂದ್ರೇ. ನೀವು ತೆಗೆದ್ರೆ ಹಿಂದಿನ ಗೋಡೆ ಬರ್ತೈತಿ" ಎಂದು ಶೋಭಾಳಿಗೇ ಕೊಟ್ಟರು. "ನನ್ನ ರೆಪ್ಪೆ ಕಾಣೋವರೆಗೂ ಬಳೆ ತಿರುಗಿಸವ್ವ."

ಒಳಗಿನಿಂದ ಊಟದ ಬಿಡುವು ಮುಗಿದ ಗಂಟೆ ಕೇಳಿಸಿತು. ಶೋಭಾಳಿಗೆ ಸಿಕ್ಕಿದ್ದು ಒಂದೇ ಅವಕಾಶ.

ಮನೆಯಲ್ಲಿ ಆ ಚಿತ್ರ ನೋಡಿ ಗಿರಿಜಾ ಕಣ್ಣೊರೆಸಿಕೊಂಡಳು. ಚಿತ್ರದಲ್ಲಿ ಅತ್ತೆಯ ಕಣ್ಣು ಮಿಂಚುತ್ತಿತ್ತು, ನಗು ಎಡಕ್ಕೆ ಹೊರಟಿತ್ತು. ಅವಸರದಲ್ಲಿ ತೆಗೆದದ್ದರಿಂದ ಇಡೀ ಚಿತ್ರವೇ ಒಂದು ಕಡೆಗೆ ವಾಲಿತ್ತು. "ಕಂಪ್ಯೂಟರಲ್ಲಿ ನೆಟ್ಟಗೆ ಮಾಡ್ಲೇನಮ್ಮಾ?" ಎಂದು ಕೇಳಿದಳು.

"ಏ, ಚಿತ್ರ ನೆಟ್ಟಗಾದ್ರೆ ನಾನು ಸೊಟ್ಟ ಕಾಣ್ತೀನಿ. ಹಂಗೇ ಇರ್ಲಿ ಬಿಡು."

ಅದಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದೇವೆ. ಇನ್ನೊಂದು ಪ್ರತಿ ಶೋಭಾಳ ಮನೆಯಲ್ಲಿದೆ.

ಮೊನ್ನೆ ಅತ್ತೆ ನನ್ನನ್ನೂ ಕರೆದರು. "ಬರ್ರಿ, ನಿಮ್ದೊಂದು ಆಗಿಲ್ಲ, ಇಲ್ಲಿ ನಿಲ್ರಿ." ನಿಂತೆ. ನಿಂತ ಕೂಡಲೇ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೋಳುತಲೆ ಕಾಣದಂತೆ ಗಲ್ಲ ಎತ್ತಿದೆ, ಹೊಟ್ಟೆ ಒಳಗೆಳೆದೆ, ಮುಖಕ್ಕೆ ಅಧಿಕಾರಿಯ ಗಾಂಭೀರ್ಯ ತಂದುಕೊಂಡೆ. ಐವತ್ತೊಂದು ವರ್ಷದಲ್ಲಿ ಇಷ್ಟೊಂದು ಅಡಗಿಸಿಡಲು ಶೇಖರಿಸಿಕೊಂಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅತ್ತೆ ಕ್ಲಿಕ್ಕಿಸಲಿಲ್ಲ. ಕಣ್ಣಿಗೆ ಕ್ಯಾಮೆರಾ ಇಟ್ಟುಕೊಂಡು ಸುಮ್ಮನೆ ಕಾದರು. ಅರ್ಧ ನಿಮಿಷವಾಯಿತು, ನನ್ನ ಕಿವಿ ಕೆಂಪಾಯಿತು.

"ಅಳಿಯಂದ್ರೇ," ಎಂದರು ನಿಧಾನವಾಗಿ, "ಹೊಟ್ಟೆ ಬಿಡ್ರಿ. ಉಸಿರಾಡ್ರಿ. ಮನೆಯವರೇ ಇದೀವಿ."

ಬಿಟ್ಟೆ. ನಗು ತಾನಾಗಿಯೇ ಬಂತು.